ಬೆಡ್ ಸೋರ್ ಬಾರದಂತೆ ನೋಡಿಕೊಳ್ಳುವುದು, ಬಂದರೆ ಮಾಯಿಸುವುದು

ನಮ್ಮ ಅತ್ತೆಗೆ ಪಾರ್ಶ್ವವಾಯು ಹೊಡೆದು, ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಡಿಸ್ಚಾರ್ಜ್ ಚೀಟಿಯಲ್ಲಿ ಒಂಬತ್ತು ಥರದ ಮಾತ್ರೆ ಬರೆದಿದ್ದರು. ಮಗ್ಗುಲು ಬದಲಿಸಿ ಅಂತ ಒಂದು ಸಾಲು ಇರಲಿಲ್ಲ. ನಮಗೂ ಕೇಳಬೇಕು ಅಂತ ಹೊಳೆಯಲಿಲ್ಲ. ಐದನೇ ದಿನ ಮೈ ಒರೆಸುವಾಗ ಬೆನ್ನಿನ ಕೊನೆಯಲ್ಲಿ, ಬಾಲದ ಮೂಳೆ ಇರುವ ಕಡೆ, ನೇರಳೆ ಹಣ್ಣು ಉಜ್ಜಿದ ಹಾಗೆ ಒಂದು ಕಲೆ ಕಂಡಿತು. ಎರಡು ರೂಪಾಯಿ ನಾಣ್ಯದಷ್ಟು ಅಗಲ. ಸೆಕೆಗೆ ಬೆವರುಸಾಲೆ ಎದ್ದಿರಬೇಕು ಅಂದುಕೊಂಡು ಪೌಡರ್ ಹಾಕಿ ನೈಟಿ ಸರಿಮಾಡಿದೆ. ಇನ್ನು ಹತ್ತು ದಿನ ಕಳೆಯುವಷ್ಟರಲ್ಲಿ ಅಲ್ಲಿ ನನ್ನ ಹೆಬ್ಬೆರಳಿನ ತುದಿ ಇಳಿಯುವಷ್ಟು ಗುಂಡಿಯಾಗಿತ್ತು. ಬೆಡ್ ಸೋರ್ ಅಂದರೆ ಇದೇ, ಒಂದೇ ಕಡೆ ಭಾರ ಬಿದ್ದು ಆಗುವ ಒತ್ತಡದ ಹುಣ್ಣು. ಅದು ಮುಚ್ಚಲು ಐದು ತಿಂಗಳು ಹಿಡಿಯಿತು.

ಆಮೇಲೆ ವಾರಕ್ಕೆರಡು ಸಲ ಮನೆಗೆ ಬರುತ್ತಿದ್ದ ನರ್ಸ್ ಮೊದಲ ದಿನ ಕೇಳಿದ ಪ್ರಶ್ನೆ ಈಗಲೂ ಕಿವಿಯಲ್ಲಿದೆ. ನಾನು ಹಚ್ಚಿದ ಮುಲಾಮುಗಳ ಪಟ್ಟಿ ಹೇಳುತ್ತಾ ಹೋದೆ. ಆಕೆ ತಡೆದು, "ಏನು ಹಚ್ಚಿದ್ರಿ ಅಂತ ಆಮೇಲೆ ನೋಡೋಣ ಅಕ್ಕಾ, ಇವತ್ತು ಎಷ್ಟು ಹೊತ್ತು ಅದರ ಮೇಲೇ ಮಲಗಿಸಿದ್ರಿ ಹೇಳಿ" ಅಂದರು. ಬೆಳಗ್ಗೆಯಿಂದ ಅದರ ಮೇಲೇ ಮಲಗಿದ್ದರು.

ಅಂಗಾತ ಮಲಗಿದವರ ಬೆನ್ನಿನೊಳಗೆ ಏನಾಗುತ್ತದೆ

ಚಕ್ಕಳಮಕ್ಕಳ ಹಾಕಿ ಜಾಸ್ತಿ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದೆ, ನಾವು ಯೋಚನೆಯನ್ನೇ ಮಾಡದೆ ಕಾಲು ಸರಿಸುತ್ತೇವೆ. ನಿದ್ದೆಯಲ್ಲೂ ಅಷ್ಟೇ, ರಾತ್ರಿಯಿಡೀ ಹೊರಳುತ್ತಲೇ ಇರುತ್ತೇವೆ. ಪಾರ್ಶ್ವವಾಯು ಆದವರಿಗೆ, ಬೆನ್ನುಹುರಿಗೆ ಪೆಟ್ಟಾದವರಿಗೆ, ಸೊಂಟದ ಮೂಳೆ ಮುರಿದವರಿಗೆ, ಮಂಪರಿನಲ್ಲಿರುವವರಿಗೆ ಇದು ಆಗುವುದಿಲ್ಲ. ಮೈಭಾರವೆಲ್ಲ ಮೂಳೆ ಉಬ್ಬಿರುವ ನಾಲ್ಕಾರು ಕಡೆ ಬೀಳುತ್ತದೆ. ಒಳಗೆ ಮೂಳೆ, ಹೊರಗೆ ಹಾಸಿಗೆ, ನಡುವೆ ಮಾಂಸ ಅಪ್ಪಚ್ಚಿ. ಸಣ್ಣ ರಕ್ತನಾಳಗಳು ಅದುಮಿಹೋಗಿ ರಕ್ತ ನಿಲ್ಲುತ್ತದೆ. ಕೆಲವೇ ಗಂಟೆ ಹೀಗಿದ್ದರೆ ಮಾಂಸ ಸಾಯಲು ಶುರುವಾಗುತ್ತದೆ.

ಇಲ್ಲಿ ಒಂದು ಮೋಸ ಇದೆ. ಎಷ್ಟೋ ಸಲ ಹಾನಿ ಶುರುವಾಗುವುದು ಚರ್ಮದಲ್ಲಲ್ಲ, ಆಳದಲ್ಲಿ, ಮೂಳೆಯ ಪಕ್ಕದಲ್ಲಿ. ಮೇಲೆ ನಾಣ್ಯದಷ್ಟು ಕಂಡರೆ ಒಳಗೆ ಅಂಗೈಯಷ್ಟು ಕೊಳೆತಿರಬಹುದು. ನಾನು ಪೌಡರ್ ಹಾಕಿದ ಆ ನೇರಳೆ ಕಲೆ ಇಂಥದ್ದೇ.

ಒತ್ತಡದ ಜೊತೆಗೆ ಇನ್ನೆರಡು ಶತ್ರುಗಳಿವೆ. ಒಂದು ಎಳೆತ: ತಲೆಕಡೆ ಎತ್ತರಿಸಿ ಮಲಗಿಸಿದಾಗ ಮೈ ನಿಧಾನವಾಗಿ ಕೆಳಗೆ ಜಾರುತ್ತದೆ, ಚರ್ಮ ಮಾತ್ರ ಬೆಡ್‌ಶೀಟಿಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಇನ್ನೊಂದು ಒದ್ದೆ: ಮೂತ್ರ, ಮಲ, ಬೆವರಿನಲ್ಲಿ ನೆನೆದ ಚರ್ಮ ನೀರಲ್ಲಿಟ್ಟ ಕಾಗದದ ಹಾಗೆ ಸುಮ್ನೆ ಕಿತ್ತುಬರುತ್ತದೆ. ಸಕ್ಕರೆ ಕಾಯಿಲೆ ಇದ್ದರೆ, ತೀರಾ ಸಣಕಲಾಗಿದ್ದರೆ, ರಕ್ತ ಕಡಿಮೆ ಇದ್ದರೆ ಇದೆಲ್ಲ ಬೇಗ ಆಗುತ್ತದೆ.

ದಿನಕ್ಕೆರಡು ಸಲ ಮೈ ನೋಡಿ

ಬೆಳಗ್ಗೆ ಮೈ ಒರೆಸುವಾಗ ಒಮ್ಮೆ, ರಾತ್ರಿ ಮಲಗಿಸುವಾಗ ಒಮ್ಮೆ. ನಾಚಿಕೆ, ಸಂಕೋಚ ಬಿಡಬೇಕು. ಹುಣ್ಣು ಆಗುವುದೇ ಬಟ್ಟೆಯೊಳಗೆ.

ಅಂಗಾತ ಮಲಗುವವರಿಗೆ ಬಾಲದ ಮೂಳೆ, ಹಿಮ್ಮಡಿ, ಬೆನ್ನಿನ ರೆಕ್ಕೆ ಮೂಳೆ, ಮೊಣಕೈ, ತಲೆಯ ಹಿಂಭಾಗ. ಮಗ್ಗುಲಾಗಿ ಮಲಗುವವರಿಗೆ ಸೊಂಟದ ಪಕ್ಕದ ಮೂಳೆ, ಮಂಡಿಗಳ ಒಳಬದಿ, ಪಾದದ ಗಿಣ್ಣು, ಕಿವಿ. ಕೂತೇ ಇರುವವರಿಗೆ ಕುಂಡಿಯ ಕೆಳಗಿನ ಎರಡು ಮೂಳೆ. ಆಕ್ಸಿಜನ್ ನಳಿಕೆ ಇದ್ದರೆ ಕಿವಿಯ ಹಿಂದೆ, ಮೂಗಿನ ಟ್ಯೂಬ್ ಇದ್ದರೆ ಮೂಗಿನ ಹೊಳ್ಳೆ, ಮೂತ್ರದ ಕೊಳವೆ ಇದ್ದರೆ ಅದು ತೊಡೆಯ ಕೆಳಗೆ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ.

ಕೆಂಪು ಕಂಡರೆ ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಒತ್ತಿದ ಜಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ, ಮಗ್ಗುಲು ಬದಲಿಸಿದರೆ ಸರಿಹೋಗುತ್ತದೆ. ಒತ್ತಿದರೂ ಕೆಂಪು ಹೋಗದಿದ್ದರೆ ಅದು ಬೆಡ್ ಸೋರ್‌ನ ಮೊದಲ ಹಂತ. ಆದರೆ ನಮ್ಮ ಕಪ್ಪು, ಗೋಧಿ ಬಣ್ಣದ ಮೈಯಲ್ಲಿ ಕೆಂಪು ಅನ್ನುವುದೇ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಸುತ್ತಲಿನ ಚರ್ಮಕ್ಕಿಂತ ಗಾಢವಾಗಿ, ನೇರಳೆ ಅಥವಾ ನೀಲಿಯಾಗಿ ಇದೆಯಾ ನೋಡಿ. ಕಿಟಕಿಯ ಬೆಳಕು ಇಲ್ಲದಿದ್ದರೆ ಮೊಬೈಲ್ ಟಾರ್ಚ್ ಹಾಕಿ. ಕೈ ಹಿಂಬದಿಯಿಂದ ಮುಟ್ಟಿ: ಬಿಸಿ ಇದೆಯಾ, ಗಟ್ಟಿಯಾಗಿದೆಯಾ, ಅಥವಾ ಹಣ್ಣಾದ ಚಿಕ್ಕುವಿನ ಹಾಗೆ ಮೆತ್ತಗಿದೆಯಾ? ಇವುಗಳಲ್ಲಿ ಯಾವುದಾದರೂ ಇದ್ದರೆ ಆ ಜಾಗದ ಮೇಲೆ ಮತ್ತೆ ಭಾರ ಬೀಳಬಾರದು.

ಕೆಂಪಾದ ಕಡೆ ಎಣ್ಣೆ ಹಾಕಿ ಗಸಗಸ ತಿಕ್ಕುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಬೇಡ. ಮೊದಲೇ ಜಜ್ಜಿಹೋದ ಮಾಂಸ ಇನ್ನಷ್ಟು ಹರಿಯುತ್ತದೆ.

ಮಗ್ಗುಲು ಬದಲಿಸುವುದು

ಸಾಮಾನ್ಯ ಲೆಕ್ಕ ಎರಡು ಗಂಟೆಗೊಮ್ಮೆ. ಒಳ್ಳೆಯ ಏರ್ ಬೆಡ್ ಇದ್ದು, ಚರ್ಮ ಚೆನ್ನಾಗಿದ್ದರೆ ಡಾಕ್ಟರನ್ನೋ ನರ್ಸನ್ನೋ ಕೇಳಿ ರಾತ್ರಿ ಮೂರು–ನಾಲ್ಕು ಗಂಟೆಗೊಮ್ಮೆ ಮಾಡಬಹುದು. ನೋಡಿಕೊಳ್ಳುವವರೂ ನಿದ್ದೆ ಮಾಡಬೇಕು, ಅಲ್ವಾ? ಆದರೆ ಬದಲಿಸಿದಾಗ ಹಿಂದಿನ ಜಾಗ ಇನ್ನೂ ಕೆಂಪಾಗಿಯೇ ಇದ್ದರೆ ನೀವು ತಡ ಮಾಡಿದ್ದೀರಿ ಅಂತಲೇ ಅರ್ಥ. ಅವಧಿ ಕಡಿಮೆ ಮಾಡಿ.

ನೆನಪಿನ ಮೇಲೆ ನಂಬಿಕೆ ಇಡಬೇಡಿ. ನಾವು ಹಳೇ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಾಳೆ ತಿರುಗಿಸಿ, ಹಿಂದಿನ ಖಾಲಿ ಬದಿಯಲ್ಲಿ ಗೆರೆ ಎಳೆದು ಮಂಚದ ಪಕ್ಕ ಅಂಟಿಸಿದ್ದೆವು. ಬೆಳಗ್ಗೆ 6 – ಎಡ, 8 – ಬೆನ್ನು, 10 – ಬಲ, ಹೀಗೆ. ಬೆನ್ನಿನ ಕಡೆ ಹುಣ್ಣು ಇರುವವರೆಗೆ ಮಾತ್ರ ಬೆನ್ನಿನ ಸರದಿ ಬೇಡ. ಬದಲಿಸಿದವರು ಟಿಕ್ ಹಾಕಬೇಕು. ಮೊದಲ ವಾರದ ಹಾಳೆ ನೋಡಿದರೆ ಮಧ್ಯಾಹ್ನ 2ರಿಂದ 6ರವರೆಗೆ ಖಾಲಿ. ಮನೆಯವರೆಲ್ಲ "ಅವರು ಮಾಡಿರ್ತಾರೆ" ಅಂದುಕೊಂಡ ಹೊತ್ತು ಅದು.

ಒಬ್ಬರೇ ಇದ್ದಾಗ ಬಲಕ್ಕೆ ತಿರುಗಿಸುವುದು ಹೀಗೆ. ಮಂಚದ ಬಲಗಡೆ ನಿಲ್ಲಿ. ಅವರ ಬಲಗೈಯನ್ನು ಮೈಯಿಂದ ದೂರ ಸರಿಸಿ, ಇಲ್ಲದಿದ್ದರೆ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಡಗೈಯನ್ನು ಎದೆಯ ಮೇಲೆ ಇಡಿ. ಎಡ ಮಂಡಿ ಮಡಚಿ, ಪಾದ ಹಾಸಿಗೆಗೆ ಊರಿಸಿ. ಈಗ ನಿಮ್ಮ ಒಂದು ಕೈ ಅವರ ಎಡ ಹೆಗಲಿನ ಹಿಂದೆ, ಇನ್ನೊಂದು ಎಡ ಸೊಂಟದ ಹಿಂದೆ. "ತಿರುಗಿಸ್ತೀನಿ ಅಮ್ಮಾ" ಅಂತ ಹೇಳಿ ನಿಮ್ಮ ಕಡೆ ಉರುಳಿಸಿಕೊಳ್ಳಿ. ಹೇಳದೆ ತಿರುಗಿಸಿದರೆ ಬೆಚ್ಚಿಬಿದ್ದು ಮೈ ಬಿಗಿ ಹಿಡಿಯುತ್ತಾರೆ, ಮಾತು ಬರದವರೂ ಅಷ್ಟೇ. ಪಾರ್ಶ್ವವಾಯು ಆದ ಬದಿಯ ಕೈಯನ್ನು ಹಿಡಿದು ಎಳೆಯಲೇಬೇಡಿ, ಹೆಗಲ ಕೀಲು ಜಾರುತ್ತದೆ.

ಪೂರ್ತಿ ಪಕ್ಕಕ್ಕೆ ತಿರುಗಿಸುವುದು ನಾವೆಲ್ಲ ಮಾಡುವ ತಪ್ಪು. ಆಗ ಭಾರವೆಲ್ಲ ಸೊಂಟದ ಪಕ್ಕದ ಮೂಳೆಯೊಂದರ ಮೇಲೇ ಕೂರುತ್ತದೆ. ಸುಮಾರು 30 ಡಿಗ್ರಿ ಓರೆ ಸಾಕು. ಬೆನ್ನಿನ ಹಿಂದೆ ಉದ್ದಕ್ಕೆ ಒಂದು ದಿಂಬು ಒತ್ತರಿಸಿ, ಅದಕ್ಕೆ ಒರಗಿದ ಹಾಗೆ ಇರಲಿ. ಸರಿಯಾಗಿದೆಯಾ ಅಂತ ತಿಳಿಯಲು ಅಂಗೈಯನ್ನು ಬಾಲದ ಮೂಳೆಯ ಕೆಳಗೆ ತೂರಿಸಿ ನೋಡಿ. ಕೈ ಸಲೀಸಾಗಿ ಹೋದರೆ ಅಲ್ಲಿ ಭಾರ ಇಲ್ಲ. ಮಂಡಿಗಳ ನಡುವೆ ಒಂದು ದಿಂಬು. ಇನ್ನೊಂದು ದಿಂಬು ಮೀನಖಂಡದ ಕೆಳಗೆ ಉದ್ದಕ್ಕೆ, ಹಿಮ್ಮಡಿ ಗಾಳಿಯಲ್ಲಿ ತೇಲುವ ಹಾಗೆ. ಹಿಮ್ಮಡಿಯ ಅಡಿಗೇ ದಿಂಬು ಇಟ್ಟರೆ ಪ್ರಯೋಜನ ಇಲ್ಲ.

ತಲೆಕಡೆಯನ್ನು 30 ಡಿಗ್ರಿಗಿಂತ ಮೇಲೆ ಎತ್ತಿ ಬಿಟ್ಟುಬಿಡಬೇಡಿ. ಊಟಕ್ಕೆ ಮಾತ್ರ ಚೆನ್ನಾಗಿ ಕೂರಿಸಲೇಬೇಕು, ಇಲ್ಲದಿದ್ದರೆ ಅನ್ನ ಶ್ವಾಸಕೋಶಕ್ಕೆ ಹೋಗುತ್ತದೆ. ಊಟ ಆಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ಇಳಿಸಿ.

ಕೆಳಗೆ ಜಾರಿದವರನ್ನು ಕಂಕುಳಿಗೆ ಕೈ ಹಾಕಿ ದರದರ ಎಳೆಯುವ ಬದಲು ಹಳೇ ಹತ್ತಿ ಸೀರೆ ತನ್ನಿ. ಅದನ್ನು ನಾಲ್ಕು ಮಡಿಕೆ ಮಾಡಿ ಹೆಗಲಿಂದ ತೊಡೆಯವರೆಗೆ ಬರುವಂತೆ ಮೈ ಕೆಳಗೆ ಹಾಸಿ. ಇಬ್ಬರು ಎರಡು ಬದಿ ನಿಂತು ಅಂಚನ್ನು ಮೈ ಹತ್ತಿರದವರೆಗೆ ಸುರುಳಿ ಸುತ್ತಿ, ಒಂದು ಎರಡು ಮೂರು ಅಂತ ಎತ್ತಿ ಮೇಲಕ್ಕೆ ಸರಿಸಿ. ನಿಮ್ಮ ಮಂಡಿ ಬಾಗಿರಲಿ, ಸೊಂಟ ಬಾಗುವುದು ಬೇಡ. ನನ್ನ ಗಂಡ ಈ ಮಾತು ಕೇಳದೆ ಮೂರು ದಿನ ಅಮ್ಮನ ಪಕ್ಕದ ಮಂಚದಲ್ಲಿ ಮಲಗಿದ್ದರು.

ಕುರ್ಚಿ ಅಥವಾ ವೀಲ್‌ಚೇರಿನಲ್ಲಿ ಕೂರುವವರಿಗೆ ಎರಡು ಗಂಟೆ ತುಂಬಾ ಜಾಸ್ತಿ. ಕೂತಾಗ ಭಾರವೆಲ್ಲ ಎರಡೇ ಮೂಳೆಗಳ ಮೇಲೆ. ಕೈಯಲ್ಲಿ ಶಕ್ತಿ ಇರುವವರು 15–30 ನಿಮಿಷಕ್ಕೊಮ್ಮೆ ಮುಂದಕ್ಕೋ ಪಕ್ಕಕ್ಕೋ ಬಾಗಿ ಒಂದೆರಡು ನಿಮಿಷ ಇರಬೇಕು. ಆಗದವರನ್ನು ಗಂಟೆಗೊಮ್ಮೆಯಾದರೂ ನೀವು ಸರಿಸಿ.

ಏರ್ ಬೆಡ್, ವಾಟರ್ ಬೆಡ್

ಪಂಪು ಇರುವ, ಗುಳ್ಳೆಗುಳ್ಳೆಯ ಅಥವಾ ಕೊಳವೆಯಂಥ ಏರ್ ಬೆಡ್ ಒಳ್ಳೆಯದು. ಅದರ ಗುಳ್ಳೆಗಳು ಸರದಿಯಲ್ಲಿ ಉಬ್ಬಿ ಇಳಿಯುತ್ತಾ ಒತ್ತಡದ ಜಾಗ ಬದಲಿಸುತ್ತವೆ. ಬಾಡಿಗೆಗೂ ಸಿಗುತ್ತದೆ. ಮಾಮೂಲಿ ಹಾಸಿಗೆಯ ಮೇಲೆ ಇದನ್ನು ಹಾಕಿ, ಪಂಪಿನ ತಿರುಗಣೆಯನ್ನು ಅವರ ತೂಕಕ್ಕೆ ಹೊಂದಿಸಿ, ಮೇಲೆ ಒಂದೇ ಒಂದು ತೆಳು ಹತ್ತಿ ಬೆಡ್‌ಶೀಟ್ ಹಾಸಿ. ಒಂದು ಅಂತ ಒತ್ತಿ ಹೇಳುತ್ತಿದ್ದೇನೆ. ನಮ್ಮಲ್ಲಿ ಏರ್ ಬೆಡ್ ಮೇಲೆ ರಬ್ಬರ್ ಶೀಟು, ಅದರ ಮೇಲೆ ಜಮಖಾನ, ಅದರ ಮೇಲೆ ಕೌದಿ ಹಾಸುತ್ತಾರೆ. ಆಮೇಲೆ ಏರ್ ಬೆಡ್ ಇದ್ದರೇನು, ಬಿಟ್ಟರೇನು.

ದಿನಾ ಒಂದು ಪರೀಕ್ಷೆ ಮಾಡಿ. ಸೊಂಟದ ನೇರಕ್ಕೆ ಏರ್ ಬೆಡ್‌ನ ಅಡಿಗೆ ಅಂಗೈ ತೂರಿಸಿ. ಮೂಳೆ ಕೈಗೆ ತಗುಲಿದಂತೆ ಅನಿಸಿದರೆ ಗಾಳಿ ಸಾಲದು. ಕರೆಂಟ್ ಹೋದಾಗ ಗಾಳಿ ಇಳಿಯುತ್ತದೆ, ಹಾಗಾಗಿ ಪಂಪನ್ನು ಯುಪಿಎಸ್ ಇರುವ ಪ್ಲಗ್ಗಿಗೆ ಹಾಕಿ. ಹಳ್ಳಿಯಲ್ಲಿ ಗಂಟೆಗಟ್ಟಲೆ ಕರೆಂಟ್ ಇರದಿದ್ದರೆ ಇದನ್ನೇ ನಂಬಿ ಕೂರಬೇಡಿ. ದಟ್ಟವಾದ (ಹೈ-ಡೆನ್ಸಿಟಿ) ಫೋಮ್ ಹಾಸಿಗೆ, ಸಾಕಷ್ಟು ದಿಂಬು, ಸರಿಯಾದ ಹೊತ್ತಿಗೆ ತಿರುಗಿಸುವ ಕೈಗಳು ಇದ್ದರೆ ನಡೆಯುತ್ತದೆ. ಏರ್ ಬೆಡ್ ಇದ್ದವರನ್ನೂ ತಿರುಗಿಸಲೇಬೇಕು.

ವಾಟರ್ ಬೆಡ್ ಭಾರ ಹಂಚುತ್ತದೆ, ಕರೆಂಟೂ ಬೇಡ. ಆದರೆ ತಿರುಗಿಸುವಾಗ ಮೈ ಮುಳುಗಿ ಕಷ್ಟವಾಗುತ್ತದೆ, ಚಳಿಗಾಲದಲ್ಲಿ ತಣ್ಣಗಾಗುತ್ತದೆ.

ಟೈರಿನ ಹಾಗಿರುವ ಗಾಳಿ ರಿಂಗ್ ಕೊಳ್ಳಬೇಡಿ. ನಡುವಿನ ತೂತಿನ ಸುತ್ತ ಬಿಗಿ ಒತ್ತಡ ಬಿದ್ದು, ನಡುವಿನ ಚರ್ಮಕ್ಕೆ ರಕ್ತವೇ ಸಿಗುವುದಿಲ್ಲ. ಗ್ಲೌಸಿಗೆ ನೀರು ತುಂಬಿ ಹಿಮ್ಮಡಿ ಅಡಿ ಇಡುವುದನ್ನು ಆಸ್ಪತ್ರೆಗಳಲ್ಲೇ ನೋಡಿದ್ದೇನೆ. ಅದೂ ಕೆಲಸಕ್ಕೆ ಬಾರದು.

ಒದ್ದೆ ಮತ್ತು ಊಟ

ಡೈಪರ್ ಎಷ್ಟು ಒಳ್ಳೆಯದಾದರೂ ರಾತ್ರಿಯಿಡೀ ಒಂದೇ ಸಾಲದು. ಮಲ ಆದರೆ ತಕ್ಷಣ ಬದಲಿಸಿ. ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಮೆತ್ತಗಿನ ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಿ. ಆಮೇಲೆ ಪೆಟ್ರೋಲಿಯಂ ಜೆಲ್ಲಿ ಅಥವಾ ಜಿಂಕ್ ಆಕ್ಸೈಡ್ ಇರುವ ಕ್ರೀಮ್ ತೆಳ್ಳಗೆ ಸವರಿ. ಒಣಗಿದ ಕೈಕಾಲಿಗೆ ತೆಂಗಿನೆಣ್ಣೆ ಧಾರಾಳವಾಗಿ ಆಗುತ್ತದೆ. ಪೌಡರ್ ಮಾತ್ರ ಬೇಡ, ಬೆವರಿನ ಜೊತೆ ಸೇರಿ ಉಂಡೆಗಟ್ಟಿ ಮರಳಿನ ಹಾಗೆ ತಿಕ್ಕುತ್ತದೆ. ಬೆಡ್‌ಶೀಟಿನ ಮೇಲೆ ಕೈಯಾಡಿಸಿ ನೋಡಿ. ಒಮ್ಮೆ ಅತ್ತೆಯ ಹೆಗಲ ಕೆಳಗೆ ಒಣಗಿದ ಅವಲಕ್ಕಿ ಕಾಳೊಂದು ಸಿಕ್ಕಿತ್ತು. ಅದರ ಅಚ್ಚು ಚರ್ಮದ ಮೇಲೆ ಸ್ಪಷ್ಟವಾಗಿ ಮೂಡಿತ್ತು.

ಊಟದ ವಿಷಯದಲ್ಲಿ ನಮ್ಮ ಪ್ರೀತಿಯೇ ತೊಂದರೆ. ಹುಷಾರಿಲ್ಲದವರಿಗೆ ಗಂಜಿ, ಸಾರನ್ನ, ಬ್ರೆಡ್ಡು. ಹೊಟ್ಟೆ ತುಂಬುತ್ತದೆ, ಮಾಂಸ ಕಟ್ಟಲು ಏನೂ ಸಿಗುವುದಿಲ್ಲ. ಹುಣ್ಣು ಇರುವವರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಐವತ್ತು ಕಿಲೋ ಇದ್ದರೆ ಸುಮಾರು 62–75 ಗ್ರಾಂ. ಎರಡು ಮೊಟ್ಟೆಯಲ್ಲಿ 12 ಗ್ರಾಂ, ಅರ್ಧ ಲೀಟರ್ ಹಾಲು-ಮೊಸರಿನಲ್ಲಿ 16, ಅರವತ್ತು ಗ್ರಾಂ ಬೇಳೆಯಲ್ಲಿ 13, ಐವತ್ತು ಗ್ರಾಂ ಹುರಿಗಡಲೆಯಲ್ಲಿ 11ರ ಆಸುಪಾಸು, ಉಳಿದದ್ದು ರಾಗಿ, ಅಕ್ಕಿಯಿಂದ. ನಾವು ಹುರಿಗಡಲೆ ಪುಡಿ ಮಾಡಿ ರಾಗಿ ಅಂಬಲಿಗೂ ಬೇಳೆಕಟ್ಟಿಗೂ ಬೆರೆಸುತ್ತಿದ್ದೆವು. ಮಾಂಸ, ಮೀನು ತಿನ್ನುವ ಮನೆಯಾದರೆ ಇನ್ನೂ ಸುಲಭ. ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬೇರೆ, ಡಾಕ್ಟರನ್ನು ಕೇಳದೆ ಹೆಚ್ಚಿಸಬೇಡಿ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಏನು ಮಾಡಿದರೂ ಹುಣ್ಣು ಮುಚ್ಚುವುದು ಕಷ್ಟ.

ಹುಣ್ಣು ಆಗಿಬಿಟ್ಟರೆ

ಮೊದಲ ಹಂತದಲ್ಲಿ ಚರ್ಮ ಒಡೆದಿರುವುದಿಲ್ಲ. ಭಾರ ತಪ್ಪಿಸಿದರೆ ಕೆಲವು ದಿನದಲ್ಲಿ ಸರಿಹೋಗುತ್ತದೆ. ಎರಡನೆಯದರಲ್ಲಿ ಗುಳ್ಳೆ ಏಳುತ್ತದೆ ಅಥವಾ ಮೇಲ್ಚರ್ಮ ಕಿತ್ತು ಹಸಿಯಾಗುತ್ತದೆ. ಗುಳ್ಳೆ ಒಡೆಯಬೇಡಿ. ಮೂರನೆಯದು ಚರ್ಮ ದಾಟಿ ಕೊಬ್ಬಿನವರೆಗೆ ಇಳಿದ ಗುಂಡಿ, ನಾಲ್ಕನೆಯದು ಸ್ನಾಯು, ಮೂಳೆಯವರೆಗೆ. ಮೂರು, ನಾಲ್ಕನೇ ಹಂತವನ್ನು, ಜೊತೆಗೆ ನೇರಳೆ ಬಣ್ಣದ ಕಲೆಯನ್ನು ಡಾಕ್ಟರ್ ನೋಡಲೇಬೇಕು. ಸತ್ತ ಮಾಂಸವನ್ನು ಅವರೇ ಕತ್ತರಿಸಿ ತೆಗೆಯಬೇಕು, ಮನೆಯಲ್ಲಿ ಕತ್ತರಿ ಮುಟ್ಟಬೇಡಿ. ಕೆಲವರಿಗೆ ಪ್ಲಾಸ್ಟಿಕ್ ಸರ್ಜನ್ ಪಕ್ಕದ ಮಾಂಸ ತಿರುಗಿಸಿ ಮುಚ್ಚಬೇಕಾಗುತ್ತದೆ. ಹಿಮ್ಮಡಿಯ ಮೇಲೆ ಒಣಗಿದ ಗಟ್ಟಿ ಕರಿ ಹಕ್ಕಳೆ ಇದ್ದು, ಸುತ್ತ ಕೆಂಪು, ಕೀವು ಇಲ್ಲದಿದ್ದರೆ ಸಾಮಾನ್ಯವಾಗಿ ಅದನ್ನು ಕೀಳದೆ ಹಾಗೇ ಬಿಡುತ್ತಾರೆ.

ಡ್ರೆಸ್ಸಿಂಗ್ ಮಾಡುವ ಮೊದಲು ನೋವಿನ ಮಾತ್ರೆ ಬರೆದುಕೊಟ್ಟಿದ್ದರೆ ಅರ್ಧ ಗಂಟೆ ಮುಂಚೆ ಕೊಡಿ. ಸೋಪು ಹಾಕಿ ಕೈ ತೊಳೆದು ಗ್ಲೌಸ್ ಹಾಕಿಕೊಳ್ಳಿ. ಹಳೇ ಗಾಜ್ ಬಟ್ಟೆ ಅಂಟಿಕೊಂಡಿದ್ದರೆ ಸಲೈನ್ ಸುರಿದು ನೆನೆಸಿ ಬಿಡಿಸಿ. ಒಣಗಿದ್ದನ್ನು ಸರಕ್ಕನೆ ಕಿತ್ತರೆ ನಿನ್ನೆ ಹುಟ್ಟಿದ ಹೊಸ ಮಾಂಸವೂ ಅದರ ಜೊತೆಗೇ ಬರುತ್ತದೆ.

ತೊಳೆಯಲು ಮೆಡಿಕಲ್ ಶಾಪಿನ ನಾರ್ಮಲ್ ಸಲೈನ್ ಸಾಕು. ಅದು ಸಿಗದಿದ್ದರೆ ಒಂದು ಲೀಟರ್ ನೀರಿಗೆ ಎರಡು ಮಟ್ಟಸ ಟೀ ಚಮಚ ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ, ಆ ದಿನವೇ ಬಳಸಿ. ಸೂಜಿ ತೆಗೆದ 20 ಎಂಎಲ್ ಸಿರಿಂಜಿನಲ್ಲಿ ಎಳೆದು ಗುಂಡಿಯೊಳಗೆ ಚಿಮ್ಮಿಸಿ. ಡೆಟಾಲ್, ಸ್ಯಾವ್ಲಾನ್, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಬೇಡ. ಕೀಟಾಣು ಜೊತೆ ಹೊಸ ಮಾಂಸವನ್ನೂ ಅವು ಸುಡುತ್ತವೆ. ಅರಿಶಿನ, ಕಾಫಿ ಪುಡಿ, ಡಬ್ಬಿಯ ಜೇನುತುಪ್ಪವೂ ಬೇಡ. ಜೇನು ಲೇಪಿಸಿದ ಡ್ರೆಸ್ಸಿಂಗ್ ಇದೆ ನಿಜ, ಆದರೆ ಅದು ಸೋಂಕು ತೆಗೆದು ತಯಾರಿಸಿದ್ದು.

"ಗಾಳಿಗೆ ಬಿಡಿ, ಒಣಗಲಿ" ಅಂತ ನೋಡಲು ಬಂದ ನೆಂಟರೆಲ್ಲ ಹೇಳುತ್ತಾರೆ. 1962ರಲ್ಲೇ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪರೀಕ್ಷಿಸಿ, ತೇವ ಉಳಿಸಿ ಮುಚ್ಚಿಟ್ಟ ಗಾಯ ಬೇಗ ಚರ್ಮ ಕಟ್ಟುತ್ತದೆ ಅಂತ ತೋರಿಸಿದ್ದರು. ಗುಂಡಿಯ ಒಳಗೆ ತೇವ, ಸುತ್ತಲಿನ ಚರ್ಮ ಒಣಕಲು, ಇಷ್ಟು ಗುರಿ. ಆಳ ಇದ್ದರೆ ಸಲೈನಿನಲ್ಲಿ ಅದ್ದಿ ಹಿಂಡಿದ ಗಾಜ್ ಅನ್ನು ಸಡಿಲವಾಗಿ ತುಂಬಬೇಕು, ದಿಂಬಿಗೆ ಹತ್ತಿ ತುರುಕಿದ ಹಾಗಲ್ಲ. ಆಳ ಇಲ್ಲದ, ಸೋಂಕಿಲ್ಲದ ಹುಣ್ಣಿಗೆ ಹೈಡ್ರೋಕೊಲಾಯ್ಡ್ (ತೇವ ಹಿಡಿದಿಡುವ ಅಂಟುಪಟ್ಟಿ) ಅಥವಾ ಫೋಮ್ ಪಟ್ಟಿ ಬರೆದುಕೊಡುತ್ತಾರೆ. ಬೆಲೆ ಜಾಸ್ತಿ ಅನಿಸಿದರೂ ಅಂಟು ಬಿಡದೆ, ಸೋರದೆ ಇದ್ದರೆ ಮೂರರಿಂದ ಏಳು ದಿನ ಇರುತ್ತದೆ. ದಿನಾ ಕಿತ್ತು ಇಣುಕುವ ಆಸೆ ತಡೆದುಕೊಳ್ಳಿ.

ವಾಸನೆ ಜಾಸ್ತಿ ಇದ್ದರೆ ಮೆಟ್ರೋನಿಡಜೋಲ್ ಜೆಲ್ ಅಥವಾ ಪುಡಿ ಬಳಸಬಹುದಾ ಅಂತ ಡಾಕ್ಟರನ್ನು ಕೇಳಿ. ಮೂರ್ನಾಲ್ಕು ದಿನದಲ್ಲಿ ಮನೆಯ ಗಾಳಿಯೇ ಬದಲಾಗುತ್ತದೆ. ಹುಳು ಕಂಡರೆ ಗಾಬರಿ, ಅವಮಾನ ಬೇಡ. ನೊಣ ಕೂತು ಮೊಟ್ಟೆ ಇಟ್ಟಿದೆ, ಅಷ್ಟೇ. ಅವತ್ತೇ ಆಸ್ಪತ್ರೆಗೆ ತೋರಿಸಿ, ಸೊಳ್ಳೆ ಪರದೆ ಕಟ್ಟಿ.

ಜ್ವರ, ಚಳಿ, ಕೀವು, ಹುಣ್ಣಿನ ಸುತ್ತ ಹರಡುವ ಕೆಂಪು ಮತ್ತು ಬಿಸಿ, ಒಳಗೆ ಬಿಳಿ ಮೂಳೆ, ಇವು ಕಂಡರೆ ಕಾಯಬೇಡಿ. ವಯಸ್ಸಾದವರಿಗೆ ಜ್ವರ ಬರದೆಯೂ ಸೋಂಕು ರಕ್ತಕ್ಕೆ ಏರಬಹುದು. ಇದ್ದಕ್ಕಿದ್ದಂತೆ ಊಟ ಬಿಟ್ಟರೆ, ಅಸಂಬದ್ಧ ಮಾತಾಡಿದರೆ, ಮಂಕಾದರೆ ಅದೇ ಸೂಚನೆ. ಸೂಪರ್‌ಮ್ಯಾನ್ ಪಾತ್ರ ಮಾಡಿದ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ಮೈ ಸ್ವಾಧೀನ ಕಳೆದುಕೊಂಡವರು. 2004ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಒತ್ತಡದ ಹುಣ್ಣಿನ ಸೋಂಕಿಗೇ ಚಿಕಿತ್ಸೆ ಪಡೆಯುತ್ತಿದ್ದರು. ಹಗಲೂ ರಾತ್ರಿ ನರ್ಸುಗಳಿದ್ದ ಮನೆ ಅದು. ಹಾಗಾಗಿ ನಿಮ್ಮ ಮನೆಯಲ್ಲಿ ಆಯಿತು ಅಂತ ಯಾರನ್ನೂ ಬೈಯಬೇಡಿ, ನಿಮ್ಮನ್ನೂ ಸೇರಿಸಿ.

ಎಲ್ಲ ಒಬ್ಬರೇ ಮಾಡಲು ಆಗದು. ಊರಿನ ಆಶಾ ಕಾರ್ಯಕರ್ತೆಯನ್ನು, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸನ್ನು ಡ್ರೆಸ್ಸಿಂಗ್ ಕಲಿಸಿಕೊಡಿ ಅಂತ ಕೇಳಿ. ಬೆಂಗಳೂರಿನಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಕರುಣಾಶ್ರಯ ಎಂಬ ಸಂಸ್ಥೆ ಉಚಿತವಾಗಿ ನೋಡಿಕೊಳ್ಳುತ್ತದೆ.

ಹದಿನೈದು ದಿನಕ್ಕೊಮ್ಮೆ ಹುಣ್ಣಿನ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡು ವಾರ ಸರಿಯಾಗಿ ನೋಡಿಕೊಂಡರೂ ಚಿಕ್ಕದಾಗದಿದ್ದರೆ ಮತ್ತೆ ಡಾಕ್ಟರ್ ಹತ್ತಿರ ಹೋಗಿ. ಒಳಗೆ ಕೆಂಪಗೆ, ಹರಳುಹರಳಾಗಿ, ಬಿಡಿಸಿದ ದಾಳಿಂಬೆಯ ಹಾಗೆ ಕಂಡರೆ ಅದು ಮಾಯುತ್ತಿರುವ ಮಾಂಸ. ನಾನು ಮೊದಲ ಸಲ ಅದನ್ನು ನೋಡಿ ಹುಣ್ಣು ಕೆಟ್ಟಿತು ಅಂತ ನರ್ಸಿಗೆ ಫೋನ್ ಮಾಡಿ ಅತ್ತಿದ್ದೆ. ಆಕೆ ಫೋಟೋ ನೋಡಿ ನಕ್ಕರು.

ಮುಚ್ಚಿದ ಮೇಲೂ ಆ ಜಾಗದ ಚರ್ಮಕ್ಕೆ ಹಳೆಯ ಗಟ್ಟಿತನ ಪೂರ್ತಿ ವಾಪಸ್ ಬರುವುದಿಲ್ಲ, ಹೆಚ್ಚೆಂದರೆ ಶೇ 80ರಷ್ಟು. ಅದೇ ಜಾಗ ಮತ್ತೆ ಸುಲಭವಾಗಿ ಒಡೆಯುತ್ತದೆ. ಹಾಗಾಗಿ ಅತ್ತೆಯ ಮಂಚದ ಪಕ್ಕದ ಕ್ಯಾಲೆಂಡರ್ ಹಾಳೆ ಇಳಿಸಿಲ್ಲ. ಈಗ ಸಂಜೆ 4ರ ಟಿಕ್ ಹಾಕುವ ಕೆಲಸ ಶಾಲೆಯಿಂದ ಬರುವ ಮೊಮ್ಮಗನದ್ದು. ಅವನು ಮರೆತರೆ ಅಜ್ಜಿಯೇ ಎಡಗೈಯಿಂದ ಗೋಡೆ ತೋರಿಸುತ್ತಾರೆ.